ಪದವಿನಲ್ಲಿ ಟಿಟ್ಟಿಭದ ಗೂಡು: ಮೊಟ್ಟೆಗೆ ಎಷ್ಟು ದಿನದ ಕಾವು ಆಗಿದೆ ಅಂತ ತಿಳಿಯುವುದು ಹೇಗೆ?

ಮುಳ್ಳೇರಿಯದ ಗೇರುತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆ. ಮನೆ ಹಿಂದಿನ ಪದವಿನಲ್ಲಿ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬೋಳು ಬಯಲಿನಲ್ಲಿ, ತಂಗಿಗೆ ಮನೆ ಕಟ್ಟಿಸಲು ಜಾಗ ಗುರುತು ಮಾಡಿದ್ದೇವೆ. ಜೇಸಿಬಿಯವರಿಗೆ ಮುಂಗಡವೂ ಕೊಟ್ಟಾಗಿದೆ. ಬಿಸು (ಏಪ್ರಿಲ್ ನಡುವಿನ ಯುಗಾದಿ) ಕಳೆದ ಕೂಡಲೇ ನೆಲ ಸಮ ಮಾಡುವುದು ಅಂತ ಮಾತಾಗಿತ್ತು. ಈಗ ಹಗ್ಗ ಕಟ್ಟಿದ ಜಾಗದ ಒಳಗೇ ಟಿಟ್ಟಿಭದ ಗೂಡು ಇದೆ. ಗೂಡು ಅಂದರೆ ಗೂಡೇನೂ ಅಲ್ಲ, ಮುರಕಲ್ಲಿನ ಹರಳುಗಳ ನಡುವೆ ಸಣ್ಣ ತಗ್ಗು, ಅದರಲ್ಲಿ ನಾಲ್ಕು ಮೊಟ್ಟೆ. ಕೆಲಸದವರು ತಿತ್ತಿರಿ ಅಂದರು. ಹಕ್ಕಿಗೆ ತಲೆ ಮೇಲೆ ಕಪ್ಪು ಟೋಪಿ, ಕಣ್ಣಿನ ಮುಂದೆ ಹಳದಿ ತೊಗಲು, ಕಾಲೂ ಹಳದಿ.

ಮೊಟ್ಟೆ ಒಡೆದು ಮರಿ ಹೊರಗೆ ಬರುವ ತನಕ ಕಾಯಲು ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಆದರೆ ಮಳೆ ಹಿಡಿಯುವ ಮೊದಲು ಮನೆಯ ಪಂಚಾಂಗ (ಅಡಿಪಾಯ) ಎದ್ದು ನಿಲ್ಲಬೇಕು. ಎಷ್ಟು ದಿನ ಕಾಯಬೇಕು ಅಂತ ಮೇಸ್ತ್ರಿಗೆ ಹೇಳಬೇಕಲ್ವಾ? ಮೊಟ್ಟೆ ಯಾವಾಗ ಇಟ್ಟದ್ದು ಗೊತ್ತಿಲ್ಲ. ಕಾವು ಎಷ್ಟಾಗಿದೆ ಅಂತ ನೋಡಿ ಹೇಳುವ ದಾರಿ ಇದೆಯಾ?

ಪೆರ್ಲದ ಮಾಸ್ಟ್ರು

ಅದು ಹಳದಿ ಟಿಟ್ಟಿಭವೇ. ಕೆಂಪು ಟಿಟ್ಟಿಭ ನೀರಿನ ಹತ್ತಿರ, ಗದ್ದೆ ಕಡೆ ಜಾಸ್ತಿ. ಹಳದಿಯದು ನಮ್ಮ ಒಣ ಪದವುಗಳ ಹಕ್ಕಿ. ಬೇಸಿಗೆಯಲ್ಲಿ, ಹುಲ್ಲು ಸುಟ್ಟಂತೆ ಒಣಗಿದ ಮೇಲೆಯೇ ಮೊಟ್ಟೆ ಇಡುತ್ತದೆ. ನಾವು ಮನೆ ಕಟ್ಟುವುದು, ಕಲ್ಲು ಕೋರೆ ತೆಗೆಯುವುದು, ಮೈದಾನ ಮಾಡುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ಹಾಗಾಗಿ ನಿಮ್ಮ ಪ್ರಶ್ನೆ ನಿಮ್ಮೊಬ್ಬರದಲ್ಲ.

ಮೊದಲು ಮೇಲಿನ ಗಡಿ ಹಾಕಿಕೊಳ್ಳಿ. ಈ ಹಕ್ಕಿಗೆ ಕಾವು 27ರಿಂದ 30 ದಿನ. ನಾಲ್ಕು ಮೊಟ್ಟೆ ಇದೆ ಅಂದರೆ ಇಡುವುದು ಮುಗಿದಿದೆ ಅಂತ ಲೆಕ್ಕ, ಅದಕ್ಕಿಂತ ಹೆಚ್ಚು ಸಾಮಾನ್ಯವಾಗಿ ಇಡುವುದಿಲ್ಲ. ಅಂದರೆ ನೀವು ಇವತ್ತೇ ನಾಲ್ಕನೆಯ ಮೊಟ್ಟೆ ನೋಡಿದ್ದು ಅಂತ ಇಟ್ಟುಕೊಂಡರೂ ಒಂದು ತಿಂಗಳಿಗಿಂತ ಜಾಸ್ತಿ ಕಾಯಬೇಕಾಗಿಲ್ಲ. ಬಿಸುವಿನಿಂದ ಒಂದು ತಿಂಗಳು, ಮೇ ನಡುವಿಗೆ ಬಂತು. ಮಳೆಗಾಲದ ಹೊಸ್ತಿಲಾದ ಪತ್ತನಾಜೆಗೆ (ಮೇ ಕೊನೆಯ ವಾರ) ಇನ್ನೂ ವಾರದ ಮೇಲೆ ಇರುತ್ತದೆ. ಕೆಲವು ದಿನದ ಕಾವು ಈಗಾಗಲೇ ಆಗಿದ್ದರೆ ಅಷ್ಟು ನಿಮಗೆ ಲಾಭ. ಮೊಟ್ಟೆ ಮುಟ್ಟದೆಯೇ ಇಷ್ಟು ಹೇಳಬಹುದು.

ನೀರ್ಚಾಲು ಹಳ್ಳಿಮನೆ

ನೀರಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ ಅಣ್ಣಾ. ನಮ್ಮ ಅಜ್ಜಿ ಹೇಂಟೆಯನ್ನು ಕಾವಿಗೆ ಕೂರಿಸುವ ಮೊದಲು ಹಾಗೆಯೇ ನೋಡುತ್ತಿದ್ದರು. ಮುಳುಗಿ ಮಲಗಿದರೆ ಹೊಸದು, ಎದ್ದು ನಿಂತರೆ ಹಳೆಯದು, ತೇಲಿದರೆ ಬಿಟ್ಟೇ ಬಿಡಬೇಕು. ಕಾಡುಹಕ್ಕಿ ಮೊಟ್ಟೆಗೂ ಅದೇ ಅಲ್ವಾ?

ಗೂಡು ದಾಖಲೆ

ನೀರಿನ ಪರೀಕ್ಷೆ ನಿಜಕ್ಕೂ ಇದೆ. ಪಕ್ಷಿ ಸಂಶೋಧಕರು ಹಲವು ದಶಕಗಳಿಂದ ಮಾಡುತ್ತಿದ್ದಾರೆ. 1950ರಲ್ಲಿ ವೆಸ್ಟರ್ಸ್ಕೋವ್ ಅನ್ನುವವರು ಫೆಸೆಂಟ್ ಮೊಟ್ಟೆಗಳಲ್ಲಿ ಇದನ್ನು ಕ್ರಮವಾಗಿ ತೋರಿಸಿದರು. ಆಮೇಲೆ ರೀವ, ಉಲ್ಲಂಕಿ, ಟಿಟ್ಟಿಭದಂತಹ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೆ ಇದು ತುಂಬಾ ಬಳಕೆಗೆ ಬಂತು. ಯಾಕೆ ಹೀಗಾಗುತ್ತದೆ ಅಂತ ಹೇಳುತ್ತೇನೆ, ಆಗ ಯಾವಾಗ ಮಾಡಬೇಕು, ಯಾವಾಗ ಮಾಡಬಾರದು ಅನ್ನುವುದೂ ಸ್ಪಷ್ಟವಾಗುತ್ತದೆ.

ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತಾ ಇರುತ್ತದೆ. ಚಿಪ್ಪು ಕುಗ್ಗುವುದಿಲ್ಲ, ಹಾಗಾಗಿ ಗಾತ್ರ ಅಷ್ಟೇ ಇರುತ್ತದೆ, ತೂಕ ಮಾತ್ರ ಇಳಿಯುತ್ತದೆ. ಕಾವು ಶುರುವಾದಲ್ಲಿಂದ ಮರಿ ಚಿಪ್ಪು ಕುಕ್ಕುವ ತನಕ ಸರಾಸರಿ 15 ಶೇಕಡಾ ತೂಕ ಹೋಗುತ್ತದೆ. ಆ ಜಾಗಕ್ಕೆ ಗಾಳಿ ಬರುತ್ತದೆ. ಗಾಳಿಯ ಚೀಲ ಇರುವುದು ಮೊಟ್ಟೆಯ ದಪ್ಪ ತುದಿಯಲ್ಲಿ. ಅದಕ್ಕೇ ಹೊಸ ಮೊಟ್ಟೆ ನೀರಿನ ತಳದಲ್ಲಿ ಅಡ್ಡ ಮಲಗುತ್ತದೆ. ದಿನ ಕಳೆದಂತೆ ದಪ್ಪ ತುದಿ ಮೇಲೇಳುತ್ತದೆ, ಆಮೇಲೆ ಮೊಟ್ಟೆ ತಳದಲ್ಲೇ ನೆಟ್ಟಗೆ ನಿಲ್ಲುತ್ತದೆ. ಕಾವು ಅರ್ಧಕ್ಕೆ ಬರುವ ಹೊತ್ತಿಗೆ ಮೇಲೆ ತೇಲುತ್ತದೆ. ಅಲ್ಲಿಂದ ಮುಂದೆ ನೀರಿನಿಂದ ಹೊರಗೆ ಕಾಣುವ ಭಾಗ ದೊಡ್ಡದಾಗುತ್ತದೆ, ಅದನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ.

ಈಗ ಅಜ್ಜಿಯ ಪರೀಕ್ಷೆಗೂ ಇದಕ್ಕೂ ಇರುವ ವ್ಯತ್ಯಾಸ. ಕಾವಿಗೆ ಇಡದ ಕೋಳಿಮೊಟ್ಟೆ ತೇಲಿದರೆ ಹಳೆಯದು, ಹಾಳಾಗಿರಬಹುದು. ಕಾವಿನಲ್ಲಿರುವ ಕಾಡುಹಕ್ಕಿ ಮೊಟ್ಟೆ ತೇಲಿದರೆ ಒಳಗೆ ಮರಿ ಚೆನ್ನಾಗಿ ಬೆಳೆಯುತ್ತಿದೆ ಅಂತ ಅರ್ಥ ಇರಬಹುದು. ಆದರೆ ಸತ್ತ ಮೊಟ್ಟೆಯಿಂದಲೂ ನೀರು ಹೋಗುತ್ತದೆ, ಅದೂ ತೇಲುತ್ತದೆ. ತೇಲಿದ್ದರಿಂದ ಜೀವ ಇದೆಯಾ ಇಲ್ಲವಾ ಅಂತ ಹೇಳಲು ಬರುವುದಿಲ್ಲ. ದಿನ ಅಂದಾಜು ಮಾಡಲು ಮಾತ್ರ ಬರುತ್ತದೆ. ಅದೂ ಮೊದಲ ದಿನಗಳಲ್ಲಿ ಚೆನ್ನಾಗಿ ಹೊಂದುತ್ತದೆ, ತೇಲಿದ ಮೇಲೆ ಕೆಲವು ದಿನ ಆಚೀಚೆ ಆಗುತ್ತದೆ.

ಬೇಳದ ಟೀಚರ್

ದಯವಿಟ್ಟು ಯಾರೂ ಇದನ್ನು ಓದಿ ಬಕೆಟ್ ಹಿಡಿದುಕೊಂಡು ಪದವಿಗೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಬೇಟೆ ಅನ್ನುವ ಲೆಕ್ಕಕ್ಕೇ ಬರುತ್ತದೆ. ಸಂಶೋಧನೆಗೆ ಅಂದರೂ ಅರಣ್ಯ ಇಲಾಖೆಯ ಒಪ್ಪಿಗೆ ಪತ್ರ ಬೇಕು.

ಕಾನೂನು ಬಿಡಿ, ಹಕ್ಕಿಯ ಕಡೆಯಿಂದ ನೋಡಿ. ಏಪ್ರಿಲ್ ಮಧ್ಯಾಹ್ನ ಪದವಿನ ಮುರಕಲ್ಲಿಗೆ ಬರಿಗಾಲು ಇಡಲು ಆಗುವುದಿಲ್ಲ. ಆ ಹೊತ್ತಿನಲ್ಲಿ ಟಿಟ್ಟಿಭ ಮೊಟ್ಟೆಗೆ ಬಿಸಿ ಕೊಡುವುದಕ್ಕಲ್ಲ ಕೂರುವುದು, ನೆರಳು ಕೊಡಲು. ಎಲ್ಲಾದರೂ ನೀರಿದ್ದರೆ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ನಾವು ಹತ್ತಿರ ನಿಂತು ಅದನ್ನು ಎಬ್ಬಿಸಿದರೆ ಆ ಮೊಟ್ಟೆಗಳು ನೇರ ಬಿಸಿಲಿಗೆ ಸಿಕ್ಕುತ್ತವೆ. ಸ್ವಲ್ಪ ಹೊತ್ತು ಸಾಕು, ಒಳಗಿನ ಜೀವ ಬೆಂದು ಹೋಗಲು.

ಮುಳ್ಳೇರಿಯದ ಗೇರುತೋಟ

ಇಲ್ಲ ಟೀಚರ್, ನಾವು ಮುಟ್ಟುವುದಿಲ್ಲ. ಕೆಲಸದವರಿಗೂ ಹೇಳಿದ್ದೇನೆ. ಆದರೆ ಮಧ್ಯಾಹ್ನ ಆ ಕಡೆ ಹೋಗಬಾರದು ಅನ್ನುವುದು ಗೊತ್ತಿರಲಿಲ್ಲ. ಕಲ್ಲು ಇಳಿಸುವ ಲಾರಿಯೂ ಇನ್ನು ಮೇಲೆ ರಸ್ತೆ ಬದಿಯಲ್ಲೇ ನಿಲ್ಲಲಿ.

ಕುಂಬಳೆ ಹೊಳೆಬದಿ

ಟಾರ್ಚ್ ಬೆಳಕಿಗೆ ಹಿಡಿದು ನೋಡುವುದು ಅಂತ ಇನ್ನೊಂದು ಕೇಳಿದ್ದೇನೆ. ಕೋಳಿಫಾರಂನವರು ಮಾಡುತ್ತಾರೆ. ನಮ್ಮ ಜಗಲಿಯ ಕ್ರೋಟನ್ ಕುಂಡದಲ್ಲಿ ಪಿಕಳಾರ ಮೂರು ಮೊಟ್ಟೆ ಇಟ್ಟಿದೆ. ಮಕ್ಕಳಿಗೆ ದಿನವೂ ಅದೇ ಧ್ಯಾನ. ಅದಕ್ಕೆ ಟಾರ್ಚ್ ಹಿಡಿಯಬಹುದಾ?

ಗೂಡು ದಾಖಲೆ

ಬೆಳಕಿನ ಪರೀಕ್ಷೆ ತೆಳು ಚಿಪ್ಪಿನ, ತಿಳಿ ಬಣ್ಣದ ಮೊಟ್ಟೆಗೆ ತುಂಬಾ ಚೆನ್ನಾಗಿ ಹೊಂದುತ್ತದೆ. ಚುಕ್ಕೆ ಬೆಳವ, ರಾಟವಾಳ, ಗಿಳಿ ಇವುಗಳ ಬಿಳಿ ಮೊಟ್ಟೆಯಲ್ಲಿ ಒಳಗಿನದು ಸ್ಪಷ್ಟ ಕಾಣುತ್ತದೆ. ಮೊದಲೆರಡು ದಿನ ಹಳದಿ ಲೋಳೆಯ ನೆರಳು ಮಾತ್ರ. ಆಮೇಲೆ ಜೇಡರ ಬಲೆಯ ಹಾಗೆ ಕೆಂಪು ನರಗಳು ಹರಡುತ್ತವೆ. ಮುಂದೆ ಕಣ್ಣಿನ ಕಪ್ಪು ಚುಕ್ಕೆ, ಅಲುಗಾಡುವ ದೇಹ. ಕೊನೆಗೆ ಗಾಳಿಯ ಚೀಲ ಬಿಟ್ಟು ಉಳಿದದ್ದೆಲ್ಲಾ ಕಪ್ಪು. ನೀರಿನ ಪರೀಕ್ಷೆಗೆ ಸಿಗದ ಒಂದು ಸಂಗತಿ ಇಲ್ಲಿ ಸಿಗುತ್ತದೆ: ಮೊಟ್ಟೆ ಫಲ ಕಟ್ಟಿದೆಯಾ, ಜೀವ ಇದೆಯಾ ಅನ್ನುವುದು. ಹೊಲದಲ್ಲಿ ಹಗಲು ಹೊತ್ತು ಹೀಗೆ ನೋಡಲು 1956ರಲ್ಲೇ ವೆಲ್ಲರ್ ಅನ್ನುವವರು ಬಾತುಗಳ ಮೊಟ್ಟೆಗಾಗಿ ಸರಳ ಸಾಧನ ತಯಾರಿಸಿದ್ದರು.

ಟಿಟ್ಟಿಭದ ಮೊಟ್ಟೆಗೆ ಇದು ಆಗುವುದಿಲ್ಲ. ಆ ಮಣ್ಣು ಬಣ್ಣ, ಕಪ್ಪು ಮಚ್ಚೆಗಳ ಮೂಲಕ ಬೆಳಕು ಸರಿಯಾಗಿ ದಾಟುವುದಿಲ್ಲ.

ಪಿಕಳಾರದ್ದು ತಿಳಿ ಗುಲಾಬಿ, ಮೇಲೆ ಕೆಂಪು ಚುಕ್ಕೆ. ಬೆಳಕು ದಾಟುತ್ತದೆ. ಆದರೆ ನೀವು ಯಾಕೆ ನೋಡಬೇಕು ಅಕ್ಕಾ? ನಿಮ್ಮ ಕಣ್ಣೆದುರೇ ಗೂಡು ಇದೆ. ಪಿಕಳಾರಕ್ಕೆ ಕಾವು ಎರಡು ವಾರದ ಒಳಗೆ ಮುಗಿಯುತ್ತದೆ. ಕೊನೆಯ ಮೊಟ್ಟೆ ಯಾವ ದಿನ ಇಟ್ಟಿತು ಅಂತ ಮಕ್ಕಳು ಬರೆದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯ ಲೆಕ್ಕ ಯಾವ ಟಾರ್ಚೂ ಕೊಡುವುದಿಲ್ಲ.

ಕುಂಬಳೆ ಹೊಳೆಬದಿ

ಬರೆದಿದ್ದಾರೆ! ಗೋಡೆಯ ಕ್ಯಾಲೆಂಡರ್‌ನಲ್ಲಿ ಮೂರು ದಿನಗಳ ಮೇಲೆ, ದಿನಕ್ಕೊಂದರಂತೆ, ಮೊಟ್ಟೆಯ ಚಿತ್ರ ಇದೆ. ಹಾಗಾದರೆ ಟಾರ್ಚ್ ಬೇಡ.

ಪೆರ್ಲದ ಮಾಸ್ಟ್ರು

ಆ ಕ್ಯಾಲೆಂಡರ್ ಜೋಪಾನ ಮಾಡಿ. ಒಂದು ಮಾತು ಸೇರಿಸುತ್ತೇನೆ. ಎಲ್ಲಾ ಹಕ್ಕಿಗಳೂ ಕೊನೆಯ ಮೊಟ್ಟೆ ಇಟ್ಟ ಮೇಲೆ ಕಾವಿಗೆ ಕೂರುವುದಿಲ್ಲ. ಟಿಟ್ಟಿಭ ಹಾಗೆ ಮಾಡುತ್ತದೆ, ಅದಕ್ಕೇ ನಾಲ್ಕೂ ಮರಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಗೂಬೆ, ಬೆಳ್ಳಕ್ಕಿ, ಹದ್ದುಗಳು ಮೊದಲ ಮೊಟ್ಟೆ ಇಟ್ಟಾಗಲೇ ಕೂರುತ್ತವೆ. ಅವುಗಳ ಗೂಡಿನಲ್ಲಿ ಒಂದು ಮರಿ ದೊಡ್ಡದು, ಒಂದು ಸಣ್ಣದು. ನಮ್ಮ ಜಿಲ್ಲೆಯ ಹಕ್ಕಿ ಅಂತ ಘೋಷಿಸಿದ ಬಿಳಿಹೊಟ್ಟೆಯ ಕಡಲ ಹದ್ದು ಎರಡು ಮೊಟ್ಟೆ ಇಟ್ಟು ಸುಮಾರು ಆರು ವಾರ ಕಾವು ಕೊಡುತ್ತದೆ. ಅದರ ಗೂಡಿರುವ ಮರಕ್ಕೆ ಟಿಟ್ಟಿಭದ ಲೆಕ್ಕ ಹಾಕಿದರೆ ಅನಾಹುತ.

ಯಾಕೆ ಹೇಳಿದೆ ಅಂದರೆ, 2022ರಲ್ಲಿ ಮಲಪ್ಪುರದಲ್ಲಿ ಹೆದ್ದಾರಿ ಅಗಲ ಮಾಡಲು ಮರ ಕಡಿದಾಗ ಗೂಡಿನಲ್ಲಿದ್ದ ಎಷ್ಟೋ ನೀರುಹಕ್ಕಿ ಮರಿಗಳು ನೆಲಕ್ಕೆ ಬಿದ್ದು ಸತ್ತವು. ಮರಿ ಹಾರುವ ತನಕ ಕಾದಿದ್ದರೆ ಸಾಕಿತ್ತು. ಆ ಗೂಡುಗಳಲ್ಲಿ ಏನಿದೆ, ಇನ್ನೆಷ್ಟು ದಿನ ಬೇಕು ಅಂತ ಕೇಳಿ ತಿಳಿದು ಹೇಳುವವರು ಕೆಲಸದ ಜಾಗದಲ್ಲಿ ಇರಬೇಕು. ಈ ಅಂದಾಜು ಪುಸ್ತಕದ ವಿದ್ಯೆ ಮಾತ್ರ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಂಕಿಸಂಖ್ಯೆ ಕಾಸರಗೋಡು

ತೂಕದ ಲೆಕ್ಕ ಯಾರೂ ಹೇಳಲಿಲ್ಲ. 1979ರಲ್ಲಿ ಹೋಯ್ಟ್ ಒಂದು ಸುಲಭ ಸೂತ್ರ ಕೊಟ್ಟರು. ಮೊಟ್ಟೆಯ ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು 0.51ರಿಂದ ಗುಣಿಸಿದರೆ ಗಾತ್ರ ಸಿಗುತ್ತದೆ. ಮನೆಯ ಕೋಳಿಮೊಟ್ಟೆಯಲ್ಲೇ ನೋಡಿ. ಉದ್ದ 5.6 ಸೆಂಟಿಮೀಟರ್, ಅಗಲ 4.2 ಇದ್ದರೆ ಗಾತ್ರ ಸುಮಾರು 50 ಘನ ಸೆಂಟಿಮೀಟರ್. ಹೊಸದಾಗಿದ್ದಾಗ ತೂಕ 54 ಗ್ರಾಂ ಹತ್ತಿರ. ಕಾವಿನ ಕೊನೆಗೆ 15 ಶೇಕಡಾ ಹೋದರೆ ಸುಮಾರು 8 ಗ್ರಾಂ ಕಡಿಮೆ. ಈಗ ತೂಗಿದಾಗ 50 ಗ್ರಾಂ ಬಂದರೆ ಅರ್ಧ ದಾರಿ ಆಗಿದೆ ಅಂತ ಅಂದಾಜು. ಮೊಟ್ಟೆ ನೀರಿಗೆ ಹಾಕಬೇಕಾಗಿಲ್ಲ. ಆದರೆ ಇಲ್ಲೂ ಕೈಗೆ ಎತ್ತಲೇ ಬೇಕು. ಸಣ್ಣ ಹಕ್ಕಿಯ ಮೊಟ್ಟೆಯಲ್ಲಿ ವ್ಯತ್ಯಾಸ ಗ್ರಾಂನ ಸಣ್ಣ ಭಾಗಗಳಲ್ಲಿ ಇರುತ್ತದೆ, ಒಳ್ಳೆಯ ತಕ್ಕಡಿ ಇಲ್ಲದೆ ಆಗುವುದಿಲ್ಲ.

ದಿನದ ಲೆಕ್ಕ ಸಂಶೋಧಕರಿಗೆ ಅಷ್ಟು ಮುಖ್ಯ ಯಾಕೆ ಅಂತಲೂ ಹೇಳುತ್ತೇನೆ. ನಾವು ನೋಡುವ ಗೂಡುಗಳಲ್ಲಿ ಎಷ್ಟೋ ಗೂಡು ಕಾವಿನ ನಡುವೆ ಸಿಕ್ಕಿದವು. ಮೊದಲ ದಿನಗಳಲ್ಲೇ ಹಾಳಾದ ಗೂಡು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಸುಮ್ನೆ ಎಣಿಸಿದರೆ ಹೆಚ್ಚು ಗೂಡು ಗೆದ್ದ ಹಾಗೆ ಕಾಣುತ್ತದೆ. 1961ರಲ್ಲಿ ಮೇಫೀಲ್ಡ್ ಇದಕ್ಕೆ ಪರಿಹಾರ ಕೊಟ್ಟರು. ಗೂಡು ನಮ್ಮ ಗಮನದಲ್ಲಿದ್ದ ದಿನಗಳನ್ನಷ್ಟೇ ಲೆಕ್ಕ ಹಾಕಿ, ಒಂದು ದಿನ ಉಳಿಯುವ ಸಾಧ್ಯತೆ ತೆಗೆಯುವುದು. ಉದಾಹರಣೆಗೆ ದಿನಕ್ಕೆ 97 ಶೇಕಡಾ ಉಳಿಯುವ ಸಾಧ್ಯತೆ ಇದ್ದರೆ 28 ದಿನ ದಾಟುವುದು 43 ಶೇಕಡಾ ಗೂಡು. ಅದೇ 95ಕ್ಕೆ ಇಳಿದರೆ 24 ಶೇಕಡಾ ಮಾತ್ರ. ದಿನಕ್ಕೆ ಎರಡು ಶೇಕಡಾ ಅಪಾಯ ಹೆಚ್ಚಿಸಿದರೂ ಗೆಲ್ಲುವ ಗೂಡು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ನಾವು ದಿನವೂ ಗೂಡಿನ ಹತ್ತಿರ ಹೋಗಿ ಬರುವುದು, ಹಿಂದೆಯೇ ಕಾಗೆ ಬರುವುದು, ಇದನ್ನೆಲ್ಲಾ ಈ ಅಂಕಿಯ ಪಕ್ಕದಲ್ಲಿ ಇಟ್ಟು ಯೋಚಿಸಿ.

ನೀರ್ಚಾಲು ಹಳ್ಳಿಮನೆ

ಇದು ತುಂಬಾ ಚೆನ್ನಾಗಿ ಅರ್ಥವಾಯಿತು. ಒಪ್ಪಿಗೆ ಪತ್ರ ಇದ್ದವರು ನೀರಿಗೆ ಹಾಕುವಾಗ ಮೊಟ್ಟೆಗೆ ಏನೂ ಆಗುವುದಿಲ್ವಾ?

ಗೂಡು ದಾಖಲೆ

ಕ್ರಮವಾಗಿ ಮಾಡಿದರೆ ಹಾನಿ ಕಡಿಮೆ. ನೀರು ಶುದ್ಧ ಇರಬೇಕು, ತಣ್ಣಗೆ ಇರಬಾರದು. ಬಿಸಿ ಮೊಟ್ಟೆಯನ್ನು ತಣ್ಣೀರಿಗೆ ಹಾಕಿದರೆ ಒಳಗಿನದು ಕುಗ್ಗಿ ಆ ಸಣ್ಣ ರಂಧ್ರಗಳಿಂದ ನೀರನ್ನೂ ಕೊಳೆಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕೈಗೆ ಸೊಳ್ಳೆ ಕ್ರೀಮ್, ಎಣ್ಣೆ ಯಾವುದೂ ಇರಬಾರದು, ಅದು ರಂಧ್ರ ಮುಚ್ಚುತ್ತದೆ. ಸೆಕೆಂಡುಗಳಲ್ಲಿ ನೋಡಿ, ಒರೆಸಿ, ಮೊದಲು ಇದ್ದ ಹಾಗೆಯೇ ಇಡಬೇಕು. ಟಿಟ್ಟಿಭದ ನಾಲ್ಕು ಮೊಟ್ಟೆಗಳ ಚೂಪು ತುದಿ ನಡುವಿಗೆ ಸೇರಿರುತ್ತದೆ, ಹಾಗೆ ಇದ್ದರೆ ಹಕ್ಕಿಯ ಹೊಟ್ಟೆಯಡಿ ಸರಿಯಾಗಿ ಕೂರುತ್ತವೆ. ಬಿರುಕು ಬಿಟ್ಟ ಮೊಟ್ಟೆಯನ್ನು ಯಾವತ್ತೂ ನೀರಿಗೆ ಹಾಕಬಾರದು, ಮರಿ ಮುಳುಗಿ ಸಾಯುತ್ತದೆ.

ಇನ್ನೊಂದು. ಹೊರದೇಶದ ಒಣ ಹವೆಯಲ್ಲಿ ಮಾಡಿದ ಪಟ್ಟಿ ನಮ್ಮ ಕರಾವಳಿಯ ತೇವಕ್ಕೆ ಹಾಗೆಯೇ ಹೊಂದಬೇಕಾಗಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಮೊಟ್ಟೆಯಿಂದ ನೀರು ಹೋಗುವುದು ನಿಧಾನ. ಆಟಿಯ ಮಳೆಯಲ್ಲಿ ಹುಂಡುಕೋಳಿ ಮೊಟ್ಟೆ ನೋಡುವವರು, ಮೀನ ಮಾಸದ ಪದವಿನಲ್ಲಿ ಟಿಟ್ಟಿಭ ನೋಡುವವರು ಬೇರೆ ಬೇರೆ ಪಟ್ಟಿ ಮಾಡಿಕೊಳ್ಳಬೇಕು. ಮೊಟ್ಟೆ ಇಟ್ಟ ದಿನ ಖಚಿತ ಗೊತ್ತಿರುವ ಕೆಲವು ಗೂಡುಗಳಿಂದಲೇ ಅಂತಹ ಪಟ್ಟಿ ಹುಟ್ಟುವುದು. ಆ ಮಕ್ಕಳ ಕ್ಯಾಲೆಂಡರ್ ಬಗ್ಗೆ ಮಾಸ್ಟ್ರು ಅಷ್ಟು ಹೇಳಿದ್ದು ಅದಕ್ಕೇ.

ಬೇಳದ ಟೀಚರ್

ಮುಳ್ಳೇರಿಯದವರೇ, ಮುಟ್ಟದೆ ನೋಡುವ ಕುರುಹುಗಳನ್ನು ಹೇಳುತ್ತೇನೆ. ದೂರದಿಂದ ಹಕ್ಕಿಯ ನಡತೆ ನೋಡಿ. ಕಾವಿನ ಶುರುವಿನಲ್ಲಿ ಮನುಷ್ಯರನ್ನು ಕಂಡರೆ ಟಿಟ್ಟಿಭ ಸದ್ದಿಲ್ಲದೆ ಎದ್ದು ನಡೆದು ದೂರ ಹೋಗುತ್ತದೆ. ದಿನ ತುಂಬುತ್ತಾ ಬಂದಂತೆ ಬಿಟ್ಟು ಹೋಗಲು ಮನಸ್ಸಿಲ್ಲ, ತಲೆ ಮೇಲೆಯೇ ಹಾರಿ ಕೂಗುತ್ತದೆ, ನಾಯಿ ಬಂದರೆ ಎರಗುತ್ತದೆ. ಕೊನೆಗೆ ಮೊಟ್ಟೆಯ ಮೇಲೆ ನಕ್ಷತ್ರದ ಹಾಗೆ ಸಣ್ಣ ಬಿರುಕು ಕಾಣುತ್ತದೆ. ಅದು ಕಂಡರೆ ಇನ್ನು ಕೆಲವೇ ದಿನ. ಬಿರುಕು ನೋಡಲು ಹತ್ತಿರ ಕೂರಬೇಡಿ. ಸಂಜೆ ಬಿಸಿಲು ಇಳಿದ ಮೇಲೆ, ನಿಲ್ಲದೆ ಪಕ್ಕದಿಂದ ನಡೆದು ಹೋಗುತ್ತಾ ಒಂದು ಫೋಟೋ ತೆಗೆದು, ಮನೆಗೆ ಬಂದು ದೊಡ್ಡದು ಮಾಡಿ ನೋಡಿ. ಗೂಡಿನ ತನಕ ಹೋಗಿ ಅದೇ ದಾರಿಯಲ್ಲಿ ಹಿಂದೆ ಬರಬೇಡಿ. ಅಲ್ಲಿಗೇ ಮುಗಿಯುವ ಹೆಜ್ಜೆ ಜಾಡು ಹಿಡಿದು ಮುಂಗುಸಿಯೋ ನಾಯಿಯೋ ಬರಬಹುದು.

ಫೋಟೋವನ್ನು ಎಲ್ಲೂ ಹಾಕಬೇಡಿ, ಇಲ್ಲಿಯೂ ಬೇಡ. ಜಾಗ ಗೊತ್ತಾದರೆ ಕ್ಯಾಮರಾದವರು ಬರುತ್ತಾರೆ.

ಮುಳ್ಳೇರಿಯದ ಗೇರುತೋಟ

ನೀವು ಹೇಳಿದ ಹಾಗೆ ದೂರದ ಗೇರುಮರದ ಅಡಿಯಿಂದ ನೋಡುತ್ತಿದ್ದೇವೆ. ಮೊದಲು ನೋಡಿದಾಗ ಹಕ್ಕಿ ಸುಮ್ನೆ ಎದ್ದು ಹೋಗುತ್ತಿತ್ತು. ಈಗ ದನ ಆ ಕಡೆ ಹೋದರೂ ಎರಡೂ ಹಕ್ಕಿಗಳು ಕೂಗಿ ಎರಗುತ್ತಿವೆ. ನಿನ್ನೆ ಸಂಜೆ ತಂಗಿ ತೆಗೆದ ಫೋಟೋದಲ್ಲಿ ಎರಡು ಮೊಟ್ಟೆಯಲ್ಲಿ ಬಿರುಕಿದೆ. ನಾವು ಅಂದುಕೊಂಡದ್ದಕ್ಕಿಂತ ಬೇಗ ಆಯಿತು. ಮರಿ ಆದ ಮರುದಿನವೇ ಜೇಸಿಬಿ ಬರಬಹುದಾ? ಅವರಿಗೆ ಬೇರೆ ಕಡೆಯೂ ಕೆಲಸ ಕಾಯುತ್ತಿದೆ.

ಪೆರ್ಲದ ಮಾಸ್ಟ್ರು

ಇಷ್ಟು ಬೇಗ ಬಿರುಕು ಕಂಡಿತು ಅಂದರೆ ಬಹಳಷ್ಟು ದಿನದ ಕಾವು ನೀವು ನೋಡುವ ಮೊದಲೇ, ನಿಮಗೆ ಗೊತ್ತಿಲ್ಲದೆಯೇ ಆಗಿತ್ತು ಅಂತ ಆಯಿತು. ಒಳ್ಳೆಯದಾಯಿತು.

ಟಿಟ್ಟಿಭದ ಮರಿ ಮೈತುಂಬಾ ತುಪ್ಪಳ ಹೊತ್ತೇ ಹುಟ್ಟುತ್ತದೆ. ಮೈ ಒಣಗಿದ ಮೇಲೆ ಎದ್ದು ಓಡಾಡುತ್ತದೆ, ಒಂದು ದಿನದ ಒಳಗೆ ಗೂಡಿನ ಜಾಗ ಬಿಡುತ್ತದೆ. ತಿನ್ನುವುದನ್ನೂ ತಾನೇ ಹುಡುಕಿಕೊಳ್ಳುತ್ತದೆ. ಆದರೆ ಹಾರಲು ತಿಂಗಳ ಮೇಲೆ ಬೇಕು. ಮುಖ್ಯ ಅಪಾಯ ಇಲ್ಲೇ ಇದೆ. ತಾಯಿ ಎಚ್ಚರಿಕೆ ಕೊಟ್ಟರೆ ಮರಿ ಓಡುವುದಿಲ್ಲ, ಇದ್ದಲ್ಲೇ ನೆಲಕ್ಕೆ ಅಂಟಿ ಕೂರುತ್ತದೆ. ನರಿ, ಗಿಡುಗದ ಕಣ್ಣು ತಪ್ಪಿಸಲು ಅದು ಸರಿ. ಜೇಸಿಬಿಯ ಚಕ್ರಕ್ಕೆ ಅದು ಆಗುವುದಿಲ್ಲ. ಗೂಡು ಖಾಲಿ ಆಯಿತು ಅಂತ ಮರುಗಳಿಗೆಯೇ ಯಂತ್ರ ಇಳಿಸಬೇಡಿ. ಎರಡು ಮೂರು ದಿನ ಬಿಡಿ, ತಂದೆತಾಯಿ ಮರಿಗಳನ್ನು ಕರೆದುಕೊಂಡು ದೂರ ಹೋಗುತ್ತವೆ. ಹಕ್ಕಿಗಳು ಎಲ್ಲಿ ನಿಂತು ಕೂಗುತ್ತಿವೆ ನೋಡಿ, ಮರಿ ಅಲ್ಲೇ ಹತ್ತಿರ ಇರುತ್ತದೆ.

ಜೇಸಿಬಿ ಬದಿಯಡ್ಕ

ಮುಳ್ಳೇರಿಯ ಅಣ್ಣನ ಕೆಲಸಕ್ಕೆ ಬರಬೇಕಾದವನು ನಾನೇ. ಅವರು ಇದರ ಕೊಂಡಿ ಕಳಿಸಿದ್ದರು, ಪೂರ್ತಿ ಓದಿದೆ. ಪದವಿನ ಕೆಲಸದಲ್ಲಿ ಈ ಹಕ್ಕಿ ಯಂತ್ರದ ಮುಂದೆ ಬಂದು ಕೂಗುವುದನ್ನು ನಾವೆಲ್ಲಾ ನೋಡಿದ್ದೇವೆ. ಯಾಕೆ ಅಂತ ಈಗ ಸರಿಯಾಗಿ ತಿಳಿಯಿತು. ಯಂತ್ರದ ಸೀಟಿನಿಂದ ಆ ಮೊಟ್ಟೆ, ಮರಿ ಯಾವುದೂ ಕಾಣುವುದಿಲ್ಲ ಮಾಸ್ಟ್ರೇ. ಕಲ್ಲಿನ ಬಣ್ಣವೇ ಅದಕ್ಕೂ.

ನಾನು ನಾಳೆಯಿಂದ ನೆಟ್ಟಣಿಗೆ ಕಡೆಯ ಕೆಲಸ ಮುಗಿಸಿಕೊಂಡು ಬರುತ್ತೇನೆ, ಇವರಿಗೆ ಆಮೇಲೆ ಸಾಕು. ಮುಂಗಡ ಹಾಗೇ ಇರಲಿ. ಒಂದು ಕೇಳಬೇಕು. ಯಾವ ಬದಿಯಿಂದ ಶುರು ಮಾಡಿದರೆ ಒಳ್ಳೆಯದು?

ಬೇಳದ ಟೀಚರ್

ತಮ್ಮಾ, ಇಷ್ಟು ಹೇಳಿದ್ದು ಬಹಳ ಸಂತೋಷ. ಬೆಳಗ್ಗೆ ಯಂತ್ರ ಚಾಲೂ ಮಾಡುವ ಮೊದಲು ಇಬ್ಬರು ಮೂವರು ಸಾಲಾಗಿ, ನಿಧಾನ, ನೆಲ ನೋಡುತ್ತಾ ಇಡೀ ಜಾಗ ನಡೆಯಿರಿ. ಮರಿ ಕಂಡರೆ ಹಿಡಿಯಬೇಡಿ, ಅಲ್ಲಿಂದ ಎಲ್ಲರೂ ದೂರ ಸರಿದು ನಿಲ್ಲಿ, ತಾಯಿ ಬಂದು ಕರೆದುಕೊಂಡು ಹೋಗುತ್ತದೆ. ಕೆಲಸವನ್ನು ರಸ್ತೆಯ ಬದಿಯಿಂದ ಶುರು ಮಾಡಿ. ಮುಳಿಹುಲ್ಲು ಇರುವ ಕಡೆಯನ್ನು ಕೊನೆಗೆ ಇಡಿ, ಅವು ತಪ್ಪಿಸಿಕೊಳ್ಳುವುದು ಆ ಕಡೆಗೇ.

ಮುಳ್ಳೇರಿಯದ ಗೇರುತೋಟ

ಮುಳಿಹುಲ್ಲು ಇರುವುದು ಪಡುವಣ ಬದಿಯಲ್ಲಿ, ಅದು ನಮ್ಮ ಜಾಗವೇ. ಅಲ್ಲಿ ಏನೂ ಕಟ್ಟುವುದಿಲ್ಲ. ಈ ವರ್ಷ ಹುಲ್ಲು ಕೊಯ್ಯುವುದನ್ನೂ ಬೆಂಕಿ ಹಾಕುವುದನ್ನೂ ಬಿಡುತ್ತೇವೆ. ತಂಗಿ ಗೂಡಿನ ದಿನಗಳನ್ನೆಲ್ಲಾ ಒಂದು ಪುಸ್ತಕದಲ್ಲಿ ಬರೆದಿದ್ದಾಳೆ: ಮೊದಲು ಕಂಡ ದಿನ, ಹಕ್ಕಿ ಎರಗಲು ಶುರು ಮಾಡಿದ ದಿನ, ಬಿರುಕು ಕಂಡ ದಿನ. ಗೂಡು ದಾಖಲೆಯವರೇ, ಅದನ್ನು ನಿಮಗೆ ಕಳಿಸಬೇಕಾ?

ಗೂಡು ದಾಖಲೆ

ಖಂಡಿತ ಕಳಿಸಿ. ಜೊತೆಗೆ ಮೊದಲ ಮರಿ ಕಂಡ ದಿನ, ಕೊನೆಯ ಮರಿ ಕಂಡ ದಿನ ಬೇರೆ ಬೇರೆ ಬರೆಯಲು ತಂಗಿಗೆ ಹೇಳಿ. ಒಡೆಯದೆ ಉಳಿದ ಮೊಟ್ಟೆ ಇದ್ದರೆ ಅದನ್ನೂ ಬರೆಯಲಿ, ಮೊಟ್ಟೆಯನ್ನು ಮಾತ್ರ ಅಲ್ಲೇ ಬಿಡಲಿ.